ಹಾಲುಹಲ್ಲು ಬೀಳದ ನೋಟು

ಮಾರ್ಚ್ 4, ಮಂಗಳವಾರ. ಸಂಜೆ 6

ಸತ್ಯವನ್ನೇ ಹೇಳುತ್ತೇನೆ, ಸತ್ಯವನ್ನಲ್ಲದೆ ಬೇರೇನನ್ನೂ ಹೇಳುವುದಿಲ್ಲ. ಇಂದು ಮಧ್ಯಾಹ್ನ ಒಂದೂವರೆಗೆ ಆಸ್ಪತ್ರೆಯ ಕೊಠಡಿ ಹದಿನಾಲ್ಕರ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಒಂದು ಕಟ್ಟು ಹೊಚ್ಚಹೊಸ ನೋಟುಗಳನ್ನು ಒಂದೊಂದಾಗಿ ಹಿಸುಕಿ, ಅಂಗೈಯಲ್ಲಿ ಉಜ್ಜಿ, ಸೋಸಿ ಉಳಿದ ಚಹಾಪುಡಿಯಲ್ಲಿ ಹೊರಳಿಸಿ, ಫ್ಯಾನಿನ ಕೆಳಗೆ ಒಣಗಿಸಿದ್ದೇನೆ. ಅಪರಾಧ ನಡೆದದ್ದು ಲಂಚ್ ಅವರ್‌ನಲ್ಲಿ. ಲಂಚದ ಸೋಂಕಿಲ್ಲ.

ಸಾಕ್ಷಿಯೂ ಉಂಟು. ಸಿಸ್ಟರ್ ಬಾಗಿಲು ಬಡಿದರು.

"ಸರ್, ಹಗಲು ಹೊತ್ತಲ್ಲಿ ಚಿಲಕ ಯಾಕೆ?"

"ನೋಟಿಗೆ ವಯಸ್ಸು ಮಾಡಿಸ್ತಿದೀನಿ."

"ಅದಕ್ಕಿಷ್ಟು ಕಷ್ಟ ಯಾಕೆ? ಎರಡು ದಿನ ನಿಮ್ಮ ಜೊತೆ ಮಾತಿಗೆ ಕೂರಿಸಿ. ತಾನಾಗೇ ಸುಸ್ತಾಗುತ್ತೆ."

ಹಾಗೆಂದವರೇ ಕುರ್ಚಿ ಎಳೆದುಕೊಂಡು ತಾವೂ ಹತ್ತಿಪ್ಪತ್ತು ಹಿಸುಕಿದರು. ನನಗಿಂತ ಚೆನ್ನಾಗಿ. ಇಪ್ಪತ್ತು ವರ್ಷ ಹತ್ತಿ ಉಂಡೆ ಮಾಡಿದ ಕೈ.

ಕಾರಣ ಬರೆದಿಡಬೇಕು, ಇಲ್ಲದಿದ್ದರೆ ಮುಂದೊಂದು ದಿನ ನಾನೇ ಓದಿ ನನಗೆ ಹುಚ್ಚು ಹಿಡಿದಿತ್ತೆಂದುಕೊಂಡೇನು. ನಮ್ಮ ರೂಮಿಗೆ ಬರುವವರು ಎಚ್‌ಐವಿ ಇರುವ ಗರ್ಭಿಣಿಯರು. ತಿಂಗಳಿಗೊಮ್ಮೆ ಬಂದು ಮಾತ್ರೆ ಒಯ್ದು, ರಕ್ತ ಕೊಟ್ಟರೆ, ಪ್ರತಿ ಸಲವೂ ಕೈಗೆ ಒಂದಿಷ್ಟು ನಗದು. ಬಸ್ಸಿಗೆ, ಕಳೆದುಹೋದ ದಿನಗೂಲಿಗೆ. ಕೊಡುವ ಕೈ ನನ್ನದು. ಒಂಬತ್ತು ವರ್ಷವಾಯಿತು. ತಾಯಿ ಮಾತ್ರೆ ತಪ್ಪಿಸದಿದ್ದರೆ ಮಗು ಹೆಚ್ಚುಕಡಿಮೆ ಪಾರಾದ ಹಾಗೆಯೇ.

ಅವರಲ್ಲೊಬ್ಬಳು ತಪ್ಪಿಸಿದ್ದಾಳೆ. ಹೆಸರನ್ನು ಇಲ್ಲಿಯೂ ಬರೆಯುವುದಿಲ್ಲ. ಗಾರ್ಮೆಂಟ್ಸಿನಲ್ಲಿ ಅಂಗಿಗಳಿಗೆ ಗುಂಡಿ ಹೊಲಿಯುತ್ತಾಳೆ, 'ಗುಂಡಿ' ಎಂದಿರಲಿ. ಎಂಟನೇ ತಿಂಗಳು. ಹೆರಿಗೆ ಹೇಗೆಂದು ತೀರ್ಮಾನಿಸುವ ರಕ್ತಪರೀಕ್ಷೆ ಈಗ ಆಗಲೇಬೇಕು. ಬರಬೇಕಾದ ದಿನ ದಾಟಿ ಹನ್ನೆರಡು ದಿನ. ಮಾತ್ರೆಯೂ ಅಂದೇ ಮುಗಿದಿದೆ. ಫೋನ್ ಸ್ವಿಚ್ ಆಫ್. ಕೊನೆಗೆ ನಿನ್ನೆ ಸಿಸ್ಟರ್ ಸಾದಾ ಸೀರೆ ಉಟ್ಟು, ಸಂಬಂಧಿಕರಂತೆ ಫ್ಯಾಕ್ಟರಿ ಗೇಟಿನಲ್ಲಿ ಕಾದರು. ಸಿಕ್ಕ ಉತ್ತರ:

"ಬರಲ್ಲ ಸಿಸ್ಟರ್. ಆಸ್ಪತ್ರೆ ಹಿಂದಿನ ಗೇಟಿನ ಅಂಗಡಿಯವ್ನು ನೋಟು ನೋಡೇ ಹೇಳ್ತಾನೆ, ಯಾವ ರೂಮಿಂದ ಬಂದ್ರಿ ಅಂತ. ನಮ್ಮತ್ತೆ ಸಾಮಾನು ತರೋದು ಅವನ ಹತ್ರಾನೇ."

ಹೌದಲ್ಲ! ಆ ಬೀದಿಯಲ್ಲಿ ಗರಿಗರಿ ನೋಟು ಮುರಿಸುವವರು ಇನ್ಯಾರು? ಪ್ರತಿ ಸೋಮವಾರ ಬ್ಯಾಂಕಿನಲ್ಲಿ ಹಲ್ಲುಗಿಂಜಿ ಹೊಸ ಕಟ್ಟೇ ಬೇಕೆಂದು ತರುತ್ತಿದ್ದವನು ನಾನು. ಮರ್ಯಾದೆ ಮಾಡಿದೆನೆಂದುಕೊಂಡು ಒಬ್ಬೊಬ್ಬರ ಕೈಗೂ ಒಂದೊಂದು ಬೋರ್ಡು ಕೊಟ್ಟು ಕಳಿಸಿದ್ದೇನೆ.

ಸಿಸ್ಟರ್ ಹತ್ತು ದಿನದ ಮಾತ್ರೆ ಕೈಗೆ ತುರುಕಿ ಬಂದಿದ್ದಾರೆ. ಹದಿಮೂರಕ್ಕೆ ಮುಗಿಯುತ್ತದೆ.

ಒಂದು ಮಾತ್ರ ಎದೆ ತಟ್ಟಿ ಹೇಳಬಲ್ಲೆ. ಒಂಬತ್ತು ವರ್ಷದಲ್ಲಿ ಈ ಬಾಯಿಯಿಂದ ರೂಮಿನ ಒಂದು ಸುದ್ದಿಯೂ ಹೊರಬಿದ್ದಿಲ್ಲ. ಬೀದಿಯಲ್ಲಿ ಎದುರಾದರೆ ಗುರುತು ಹಿಡಿಯುವುದಿಲ್ಲ. ಕಟ್ಟಿಕೊಂಡವಳಿಗೂ ಗೊತ್ತಿಲ್ಲ. ನೋಟು ಬಾಯಿಬಿಟ್ಟಿದೆ, ನಾನು ಬಿಟ್ಟಿಲ್ಲ.

ಮಾರ್ಚ್ 5, ಬುಧವಾರ

ಬ್ಯಾಂಕು. "ಮುಂದಿನ ವಾರದಿಂದ ಹಳೇ ನೋಟು ಕೊಡಿ" ಎಂದೆ. ಕೌಂಟರಿನಾಕೆ ಕನ್ನಡಕ ತೆಗೆದು ನೋಡಿದರು.

"ಒಂಬತ್ತು ವರ್ಷ ನನ್ನ ಪ್ರಾಣ ತಿಂದು ಹೊಸದು ಒಯ್ದ್ರಿ. ಈಗ ಹಳೇದಾ? ಮನೇಲಿ ಎಲ್ಲ ಆರೋಗ್ಯಾನಾ?"

ಹೊಸ ನೋಟಿನ ಹುಚ್ಚು ಅಪ್ಪನಿಂದ ಬಂದದ್ದು. ಅಪ್ಪ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಸಂಬಳದ ನೋಟುಗಳೂ ಅವರ ಬೆರಳಿನಷ್ಟೇ ಮಸಿ. ವರ್ಷಕ್ಕೊಮ್ಮೆ, ನನ್ನ ರಿಸಲ್ಟಿನ ದಿನ ಮಾತ್ರ, ಎಲ್ಲಿಂದಲೋ ಒಂದೇ ಒಂದು ಹೊಸ ನೋಟು ಸಂಪಾದಿಸಿ ತರುವರು. ಸಾಬೂನು ಹಚ್ಚಿ ಕೈ ತೊಳೆದು, ಒರೆಸಿ, ಆಮೇಲೆ ಜೇಬಿನಿಂದ ತೆಗೆಯುವರು. ಮೊದಲು ಅವರು ಮೂಸುವರು, ಆಮೇಲೆ ನನ್ನ ಮೂಗಿಗೆ.

"ಜೋಪಾನ ಕಣೋ, ಇದಕ್ಕಿನ್ನೂ ಹಾಲುಹಲ್ಲು ಬಿದ್ದಿಲ್ಲ."

ನಾನು ಅದನ್ನು ಭೂಗೋಳದ ಪುಸ್ತಕದಲ್ಲಿಡುತ್ತಿದ್ದೆ. ತಿಂಗಳೊಳಗೆ ಅಮ್ಮ ಕೇಳಿ ತೆಗೆದುಕೊಳ್ಳುವಳು — ಅದು ಬೇರೆ ಕಥೆ. ಆ ವಾಸನೆ ಮಾತ್ರ ಸಮುದ್ರಗಳ ಪಾಠದಲ್ಲಿ ವರ್ಷವಿಡೀ ಉಳಿಯುತ್ತಿತ್ತು. ಇವತ್ತಿಗೂ ಸಮುದ್ರವೆಂದರೆ ನನಗೆ ಉಪ್ಪಿನ ವಾಸನೆಯಲ್ಲ.

ಈ ಮೇಜಿಗೆ ಬಂದಾಗ ಅಂದುಕೊಂಡದ್ದು ಅಷ್ಟೇ — ಈ ಹೆಂಗಸರಿಗೂ ಯಾರಾದರೂ ಕೈ ತೊಳೆದು ಕೊಡಲಿ. ಅಪ್ಪನ ಮಾತನ್ನು ಮಾತ್ರ ಕೌಂಟರಿನಲ್ಲಿ ಎಂದೂ ಆಡಲಿಲ್ಲ. ಅವರು ಬಿಟ್ಟುಹೋದ ಸ್ಥಿರಾಸ್ತಿ ಅದೊಂದೇ. ಪರಭಾರೆ ಮಾಡಬಾರದು.

ಮಾರ್ಚ್ 8, ಶನಿವಾರ. ಮಧ್ಯಾಹ್ನ

ಗುಂಡಿ ಬಂದಿಲ್ಲ. ಬೆಂಚು ಖಾಲಿ. ಹಳೆಯದೆಲ್ಲ ನೆನಪಾಗುತ್ತಿದೆ.

ಮೊದಲ ವರ್ಷ ಈ ಬೆಂಚಿನಲ್ಲಿ ಇಬ್ಬರೇ. ಮಧ್ಯೆ ನಾಲ್ಕು ಜನ ಕೂರುವಷ್ಟು ಜಾಗ ಬಿಟ್ಟು, ಒಬ್ಬಳು ಗೋಡೆ ನೋಡುತ್ತಾ, ಇನ್ನೊಬ್ಬಳು ಕಿಟಕಿ ನೋಡುತ್ತಾ. ನಾನೋ ಹೊಸಬ, ನಗಿಸಲು ಹೋದೆ. ನಗಲಿಲ್ಲ. ನೋಟು ಕೊಟ್ಟಾಗ ಗೋಡೆಯವಳು ಅದನ್ನು ಮೂಗಿಗೆ ಹಿಡಿದಳು. ಥೇಟ್ ಅಪ್ಪ! ಕಿಟಕಿಯವಳು "ನಂಗೂ ಒಂದ್ಸಲ ತೋರ್ಸು" ಎಂದು ಸರಿದು ಕೂತಳು. ನಾಲ್ಕು ಜನರ ಜಾಗ ಒಂದೇ ನೋಟಿಗೆ ಖಾಲಿಯಾಯಿತು. ಮರುತಿಂಗಳು ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದರು.

ಆಮೇಲೆ ಸಮೀಕ್ಷೆಯವರು ಬಂದದ್ದು. ಟೈ ಕಟ್ಟಿದವನ ಪ್ರಶ್ನೆ: ದುಡ್ಡು ಕೊಡದಿದ್ದರೂ ಬರುತ್ತೀರಾ? ಗೋಡೆಯವಳ ಉತ್ತರ ಇನ್ನೂ ಕಿವಿಯಲ್ಲಿದೆ. "ನಾನು ಬರ್ತೀನಿ ಸಾರ್. ಬಸ್ಸಿನ ಕಂಡಕ್ಟರನ್ನೂ ಒಂದ್ಮಾತು ಕೇಳ್ಬಿಡಿ." ಟೈ ಅದನ್ನು ಯಾವ ಕಾಲಮ್ಮಿನಲ್ಲಿ ಬರೆದನೋ.

ಅವಳ ಮಗಳಿಗೆ ಒಂದೂವರೆ ವರ್ಷ ತುಂಬಿದಾಗ ಕೊನೆಯ ಪರೀಕ್ಷೆ. ಸೋಂಕಿಲ್ಲ. ಸಿಸ್ಟರ್ ಚೀಟಿ ಓದಿ ಹೇಳಿದಾಗ ಮಗು ನನ್ನ ಸ್ಟಾಂಪ್ ಪ್ಯಾಡನ್ನು ಬಾಯಿಗಿಟ್ಟುಕೊಂಡಿತ್ತು. ಎಲ್ಲರೂ ನೀಲಿ ಬಾಯಿ ನೋಡಿ ನಗುವುದೋ ಅಳುವುದೋ ತಿಳಿಯದೆ ಎರಡನ್ನೂ ಮಾಡಿದೆವು.

ಮೊನ್ನೆ ನಾನಿಳಿಯುವ ಸ್ಟಾಪಿನಲ್ಲಿ ಆ ಹುಡುಗಿಯನ್ನು ಬಸ್ಸಿನೊಳಗಿಂದ ನೋಡಿದೆ, ಯೂನಿಫಾರ್ಮ್ ಹಾಕಿಕೊಂಡು, ಎರಡು ಜಡೆ. ಗುರುತು ಹಿಡಿಯಲಿಲ್ಲ ನಾನು. ನಿಯಮ. ಒಂದು ಸ್ಟಾಪ್ ಮುಂದಕ್ಕೆ ಹೋಗಿ ಇಳಿದು, ನಡೆದು ವಾಪಸ್ ಬಂದೆ. ಅಷ್ಟೇ.

ಮಾರ್ಚ್ 13, ಗುರುವಾರ. ಸಂಜೆ

ಮಾತ್ರೆ ಇಂದಿಗೆ ಮುಗಿಯಿತು. ನೋಟು ಬದಲಾಗಿದೆ, ಮುಂದಿನ ಗೇಟಿನಿಂದ ಬಾ ಎಂದು ಸಿಸ್ಟರ್ ಮತ್ತೆ ಹೋಗಿ ಹೇಳಿ ಬಂದಿದ್ದಾರೆ.

"ಏನಂದ್ಲು?"

"ಬರ್ತೀನಿ ಅನ್ಲಿಲ್ಲ. ಬರಲ್ಲ ಅಂತಾನೂ ಅನ್ಲಿಲ್ಲ. ನನ್ನ ಬ್ಲೌಸಿನ ಗುಂಡಿ ಸಡಿಲ ಆಗಿದೆ ಅಂತ ಅಲ್ಲೇ ನಿಂತು ಹೊಲಿದುಕೊಟ್ಲು."

ಆಶೆಯೋ ಬೀಳ್ಕೊಡುಗೆಯೋ ತಿಳಿಯದು. ಐದು ಗಂಟೆಗೆ ಮುಚ್ಚುವ ಬಾಗಿಲನ್ನು ಐದೂಮುಕ್ಕಾಲಿಗೆ ಮುಚ್ಚಿದೆ.

ಮಾರ್ಚ್ 14, ಶುಕ್ರವಾರ

ಬಂದಳು!

ಹನ್ನೊಂದೂಕಾಲು. ಏದುಸಿರು, ಊದಿದ ಪಾದ. ರಕ್ತ ಕೊಟ್ಟಳು, ಒಂದು ತಿಂಗಳ ಮಾತ್ರೆ ಪಡೆದಳು. ಆಮೇಲೆ ನನ್ನ ಮೇಜು. ನೋಟು ಕೊಟ್ಟೆ. ತಿರುಗಿಸಿ ನೋಡಿದಳು, ಮೂಸಿದಳು.

"ಇದೇನಣ್ಣ, ನೋಟಿಗೆ ಟೀ ಕುಡಿಸಿದೀರಾ?"

"ಸಕ್ಕರೆ ಕಮ್ಮಿ ಹಾಕಿ, ತಾಯಿ."

ನಕ್ಕಳು. ಹೊಟ್ಟೆಯೂ ಜೊತೆಗೆ ಕುಲುಕಿತು. ಒಂಬತ್ತು ವರ್ಷದ ಸರ್ವೀಸಿಗೆ ಇದಕ್ಕಿಂತ ದೊಡ್ಡ ಪದಕ ಬೇಡ. ಗೆದ್ದೆನೆಂದು ಬೀಗಿ, ಅಂಗಡಿಯವನನ್ನು ನಾಲ್ಕು ಮಾತು ಬೈದೆ. ಅವನಿಗೆ ಹೇಗೆ ಗೊತ್ತಾಗಿರಬೇಕು, ಪತ್ತೇದಾರ ನನ್ಮಗ!

"ಅದೇನೋಪ್ಪ. ನನ್ನ ನೋಟನ್ನ ಬೆಳಕಿಗೆ ಹಿಡಿದ. 'ಹದಿನಾಲ್ಕನೇ ರೂಮಿಂದು, ಅಲ್ವಾ? ಇದಕ್ಕಿನ್ನೂ ಹಾಲುಹಲ್ಲು ಬಿದ್ದಿಲ್ಲ' ಅಂತ ಜೋರಾಗಿ ನಕ್ಕ. ಅಂಗಡೀಲಿ ಇನ್ನಿಬ್ರು ಇದ್ರು. ಅವರೂ ತಿರುಗಿ ನೋಡಿದ್ರು."

ಇವತ್ತಿಗಿಷ್ಟು ಸಾಕು.

ಮಾರ್ಚ್ 29, ಶನಿವಾರ. ಬೆಳಿಗ್ಗೆ

ಹದಿನೈದು ದಿನ ಬರೆದಿಲ್ಲ. ಪೆನ್ನು ಚೆನ್ನಾಗಿಯೇ ಇತ್ತು.

ನಿನ್ನೆ ರಕ್ತದ ವರದಿ ಬಂತು. ಸಿಸ್ಟರ್ ಬಾಗಿಲು ಮುಚ್ಚಿ ಹೇಳಿದರು. "ಹನ್ನೆರಡು ದಿನದ ಗ್ಯಾಪು, ಸರ್. ವೈರಸ್ ತಲೆ ಎತ್ತಿದೆ. ಟೈಮಿದೆ ಇನ್ನೂ. ಒಂದು ದಿನಾನೂ ತಪ್ಪಿಸದೆ ನುಂಗಿದ್ರೆ ಹೆರಿಗೆ ಹೊತ್ತಿಗೆ ಇಳೀಬಹುದು. ಮುಂದಿನ ಶುಕ್ರವಾರ ಮತ್ತೆ ಕರೆದಿದ್ದೀನಿ." ಬಹುದು. ಸಿಸ್ಟರ್ ಇಂಥ ಪದ ಬಳಸುವವರಲ್ಲ.

ಆರು ವರ್ಷದ ಹಿಂದಿನ ಮಾತಿರಬೇಕು. ಮಧ್ಯಾಹ್ನ ಅದೇ ಅಂಗಡಿಯಲ್ಲಿ ಚಿಲ್ಲರೆಗೆ ಕಾಯುತ್ತಿದ್ದೆ. ನಮ್ಮ ರೂಮಿನವಳೊಬ್ಬಳು ಸೋಪು ಕೊಂಡು ಆಗಷ್ಟೇ ಹೊರಟಿದ್ದಳು. ನಿಯಮದಂತೆ ಗುರುತು ಹಿಡಿಯಲಿಲ್ಲ — ನೋಡಿ, ಎಷ್ಟು ಶಿಸ್ತು! ಅಂಗಡಿಯವನು ಅವಳ ನೋಟನ್ನು ಎತ್ತಿ ಹಿಡಿದು, "ಇಷ್ಟು ಹೊಸ ನೋಟು ಎಲ್ಲಿ ಸಿಗುತ್ತಪ್ಪ ಇವ್ರಿಗೆ!" ಎಂದ. ಅವನು ನನ್ನನ್ನು ಕೇಳಿರಲಿಲ್ಲ. ಸುಮ್ಮನಿರಬಹುದಿತ್ತು. ಹೊಗಳಿಕೆ ನನ್ನದೆಂದು ಅನಿಸಿಬಿಟ್ಟಿತು.

"ನನ್ನ ಟೇಬಲ್ಲಿಂದು ಸ್ವಾಮಿ. ಹದಿನಾಲ್ಕನೇ ರೂಮು. ನೋಡಿ, ಇದಕ್ಕಿನ್ನೂ..."

ಅಪ್ಪನ ಆಸ್ತಿಯನ್ನೂ ಅಲ್ಲೇ ಪರಭಾರೆ ಮಾಡಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಆ ನಗು ತೆಗೆದುಕೊಂಡು ಸಂಜೆ ಖುಷಿಯಾಗಿ ಮನೆಗೆ ಹೋಗಿ ಊಟ ಮಾಡಿ ಮಲಗಿದೆ. ಮರೆತೂಬಿಟ್ಟೆ.

ಶುಕ್ರವಾರ ಗುಂಡಿ ಬಂದಾಗ ಹೇಳಲೇಬೇಕು. ಹೇಳಿದರೆ ಮತ್ತೆ ಬರುತ್ತಾಳೋ ಇಲ್ಲವೋ. ಮೊದಲು ಸಿಸ್ಟರಿಗೆ ಹೇಳುತ್ತೇನೆ, ಇವತ್ತೇ. ಗುಂಡಿಗೆ ಹೇಗೆ ಹೇಳುವುದೆಂದು ಇಲ್ಲಿ ಬರೆದು ನೋಡುತ್ತೇನೆ. ಜೋಕಿಲ್ಲದೆ.

ನೋಡಮ್ಮ, ಆವತ್ತು ಅಂಗಡಿಯವನ ಹತ್ತಿರ ಬಾಯಿಬಿಟ್ಟಿದ್ದು ನೋಟಲ್ಲ. ಅದು