ಮಂಚದ ಸುತ್ತ ಎಳೆದ ಗೆರೆ

ನನ್ನ ಅಚ್ಚು ಪುಟ್ಟಿಗೆ,
ಅಪ್ಪನ ಮುದ್ದು.

ಒಂದೇ ಮನೆಯಲ್ಲಿದ್ದುಕೊಂಡು ಮಗಳಿಗೆ ಕಾಗದ ಬರೆಯುವ ಅಪ್ಪನನ್ನು ನೀನು ಎಲ್ಲೂ ನೋಡಿರಲಾರೆ. ಏನು ಮಾಡಲಿ ಹೇಳು? ನಾನು ಬಾಯಿ ತೆರೆದರೆ ಸಾಕು, ವಿಷಯ ಏನು ಅಂತ ತಿಳಿಯುವ ಮೊದಲೇ "ಸಾರಿ ಅಪ್ಪ" ಅಂದುಬಿಟ್ಟು ಅಜ್ಜಿಯ ಸೆರಗಿನ ಹಿಂದೆ ಸೇರಿಕೊಳ್ಳುತ್ತೀಯ. ಕಾಗದಕ್ಕೆ ಗದರಲು ಬರುವುದಿಲ್ಲ. ಮೂರನೇ ಕ್ಲಾಸಿನವಳು, ನಿಧಾನವಾಗಿ ಓದು. ಕಷ್ಟದ ಪದ ಸಿಕ್ಕರೆ ಅಜ್ಜಿಯನ್ನು ಕೇಳಬೇಡ, ನನ್ನ ಹತ್ತಿರವೇ ಬಾ.

ಇವತ್ತು ಬೆಳಿಗ್ಗೆ ನೀನು ಸ್ಕೂಲಿಗೆ ಹೋದ ಮೇಲೆ ನಿನ್ನ ಕೋಣೆಗೆ ಹೋದೆ. ಮಂಚದ ಸುತ್ತ ಬಿಳೀ ಗೆರೆ. ಇರುವೆ ಸಾಯಿಸುವ ಚಾಕ್‌ಪೀಸಿನದು. ನಾನು ಎಳೆದದ್ದಲ್ಲ, ನಿಮ್ಮಮ್ಮ ಮಾನಸಳೂ ಅಲ್ಲ. ಸೊಟ್ಟಸೊಟ್ಟಗೆ ಸಾಗಿ, ಗೋಡೆಯ ಕಡೆ ಕೈ ಎಟುಕದೆ ತುಂಡಾಗಿತ್ತು. ವಾಷಿಂಗ್ ಮೆಷಿನ್ನಿನ ಹಿಂದೆ ನಿನ್ನ ಬೆಡ್‌ಶೀಟು ಮುದುರಿ ಬಿದ್ದಿತ್ತು, ಒದ್ದೆಯಾಗಿ. ಅದನ್ನು ಹಿಡಿದುಕೊಂಡು ಒಂದು ಗಳಿಗೆ ಅಲ್ಲೇ ಕೂತುಬಿಟ್ಟೆ ಕಣಮ್ಮ. ಇವತ್ತು ಅಂಗಡಿ ಬಾಗಿಲು ತೆಗೆದಿಲ್ಲ.

ನಿನಗೆ ಗೊತ್ತಲ್ಲ, ಶ್ರೀರಾಂಪುರದಲ್ಲಿ ಕಾಂಡಿಮೆಂಟ್ಸ್ ಇಟ್ಟಾಗಿನಿಂದ ನನಗೂ ಇರುವೆಗೂ ಎಣ್ಣೆ ಸೀಗೆಕಾಯಿ. ಲಾಡು, ಮೈಸೂರು ಪಾಕು ಇರುವ ಕಡೆ ಅವು ಬಾರದೆ ಇರುತ್ತವೆಯೇ? ತಟ್ಟೆಗೆ ನೀರು ಹಾಕಿ ಡಬ್ಬ ಇಡುತ್ತಿದ್ದೆ, ಹೊಸಿಲಿಗೆ ಅರಿಶಿನ ಸುರಿಯುತ್ತಿದ್ದೆ, ಬಿರುಕಿಗೆ ಸಿಮೆಂಟು ಮೆತ್ತುತ್ತಿದ್ದೆ. "ಇರುವೆ ಸುಳ್ಳು ಹೇಳಲ್ಲ ಕಣ್ರೀ, ಸಾಲು ಹಿಡ್ಕೊಂಡು ಹೋದ್ರೆ ಕಳ್ಳ ಸಿಕ್ಕೇ ಸಿಕ್ತಾನೆ" ಅಂತ ಗಿರಾಕಿಗಳ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಹೋದ ದಸರಾದಲ್ಲಿ ಮನೆಗೂ ಇರುವೆ ಬಂತು. ನಿನ್ನ ಹಾಸಿಗೆಗೆ, ಬಚ್ಚಲಿಗೆ, ಒಗೆಯಲು ಹಾಕಿದ ನಿನ್ನ ಬಟ್ಟೆಗೆ. ಅಂಗಡಿಯಲ್ಲಿ ಉಸಿರಾಡಲು ಪುರುಸೊತ್ತಿಲ್ಲದ ವ್ಯಾಪಾರ, ಮನೆಗೆ ಬಂದರೆ ಇದು. ಸಾಲು ಹಿಡಿದು ಹೋದೆ. ನೀನು ಸಿಕ್ಕಿದೆ. ದಿಂಬು ಕೊಡವಿದೆ, ಸ್ಕೂಲ್ ಬ್ಯಾಗು ಬುಡಮೇಲು ಮಾಡಿದೆ, ಒಂದು ಚೂರೂ ಸಿಗಲಿಲ್ಲ. "ಎಲ್ಲಿ ಬಚ್ಚಿಟ್ಟಿದೀಯ, ಹೇಳ್ಬುಡು" ಅಂದೆ. "ಇಲ್ಲ ಕಣಪ್ಪಾ, ನಾನು ತಿಂದೇ ಇಲ್ಲ" ಅಂದೆ ನೀನು. ದೇವರ ಮುಂದೆ ನಿಲ್ಲಿಸಿ ದೀಪ ಮುಟ್ಟಿಸಿದೆ. ನೀನು ದೀಪದ ಕಂಬದ ಬುಡ ಮುಟ್ಟಿಕೊಂಡು, ಅಳುತ್ತಾ, ಮತ್ತೆ ಅದನ್ನೇ ಹೇಳಿದೆ. ಆಗ ನಾನು ಏನಂದೆ, ನೆನಪಿದೆಯಾ? "ದೀಪ ಮುಟ್ಟಿ ಸುಳ್ಳು ಹೇಳೋಷ್ಟು ಬೆಳೆದ್ಬುಟ್ಯಾ?" ಅಂದೆ. ನನ್ನ ನಾಲಿಗೆ ಸೇದಿಹೋಗಬಾರದಿತ್ತೇ!

ಇಷ್ಟು ದೊಡ್ಡವಳಾಗಿ ಹಾಸಿಗೆ ಒದ್ದೆ ಮಾಡುತ್ತೀಯ ಅಂತ ಸಂಜೆಯ ಮೇಲೆ ನೀರಿನ ಬಾಟಲಿ ಎತ್ತಿಟ್ಟವನೂ ನಾನೇ. ನೀನು ಬಚ್ಚಲಿಗೆ ಹೋಗಿ ಚೊಂಬಿಗೆ ಬಾಯಿಟ್ಟು ಗಟಗಟ ಕುಡಿಯುತ್ತಿದ್ದೆ. ಆ ಚೊಂಬನ್ನು ನಿನ್ನ ಬಾಯಿಂದ ಕಿತ್ತುಕೊಂಡೆ.

ಹಬ್ಬಕ್ಕೆಂದು ಊರಿಂದ ಬಂದು, ಆಮೇಲೆ ನಿನಗಾಗಿ ಇಲ್ಲೇ ಉಳಿದ ನಿಮ್ಮಜ್ಜಿ ಅವತ್ತು ಬಚ್ಚಲು ನೋಡಿದ್ದೇ ತಡ, "ಲೋ ದಿಲೀಪ, ನಿಮ್ಮಪ್ಪಂಗೂ ಸಕ್ಕರೆ ಕಾಯ್ಲೆ ಬಂದಾಗ ಇಂಗೇ ಕಣೋ ಇರುವೆ ಮುತ್ತಿದ್ದು. ಮೊದ್ಲು ಮಗೀನ ಆಸ್ಪತ್ರೆಗೆ ಕರ್ಕೊಂಡು ನಡಿ" ಅಂದರು. "ಅದು ವಯಸ್ಸಾದವ್ರ ಕಾಯ್ಲೆ, ಸುಮ್ನಿರವ್ವ" ಅಂದೆ ನಾನು, ಮಹಾ ಪಂಡಿತ. ಮಾರನೇ ದಿನ ನೀನು ವಾಂತಿ ಮಾಡಿಕೊಂಡು ಏದುಸಿರು ಬಿಡತೊಡಗಿದಾಗ ಎತ್ತಿಕೊಂಡು ಓಡಿದೆ. ಫ್ರಾಕಿನೊಳಗೆ ನೀನು ಇದ್ದೀಯೋ ಇಲ್ಲವೋ ಅನ್ನುವಷ್ಟು ಹಗುರವಾಗಿದ್ದೆ. ಡಾಕ್ಟರಮ್ಮ ನನ್ನನ್ನು ಕೂರಿಸಿಕೊಂಡು ಹೇಳಿದರು: "ಇದು ಸಿಹಿ ತಿಂದು ಬಂದಿದ್ದಲ್ಲ ಕಣ್ರೀ. ಮಗು ಮೈಯಲ್ಲಿ ಇನ್ಸುಲಿನ್ ತಯಾರಾಗ್ತಾ ಇಲ್ಲ, ಸಕ್ಕರೆಯೆಲ್ಲ ಮೂತ್ರದಲ್ಲಿ ಹೋಗ್ತಾ ಇದೆ. ಅದಕ್ಕೇ ಬಾಯಾರಿಕೆ, ಅದಕ್ಕೇ ಹಾಸಿಗೆ ಒದ್ದೆ, ಅದಕ್ಕೇ ಇರುವೆ."

ಇರುವೆ ಸುಳ್ಳು ಹೇಳಿರಲಿಲ್ಲ. ನೀನೂ ಹೇಳಿರಲಿಲ್ಲ. ತಪ್ಪು ತಿಳಿದವನು ನಾನೊಬ್ಬ.

ಆಸ್ಪತ್ರೆಯಿಂದ ಬಂದ ಮೇಲೆ ಇಂಜೆಕ್ಷನ್‌ಗೆ ನೀನು ಅಮ್ಮನ ಹತ್ತಿರ ಮಾತ್ರ ಹೋಗುತ್ತೀಯ. ಹೋಗಲಿ, ಅದಕ್ಕೆ ನನಗೆ ಬೇಸರವಿಲ್ಲ. ಆದರೆ ಡಾಕ್ಟರಮ್ಮ ನಿನಗೂ ಹೇಳಿದ್ದರಲ್ಲ ಪುಟ್ಟಿ, ಮತ್ತೆ ತುಂಬಾ ಬಾಯಾರಿದರೆ, ಹಾಸಿಗೆ ಒದ್ದೆಯಾದರೆ, ತಕ್ಷಣ ಮನೆಯವರಿಗೆ ಹೇಳಬೇಕು, ಬಚ್ಚಿಟ್ಟರೆ ಜೀವಕ್ಕೇ ಅಪಾಯ ಅಂತ. ನೀನು ಹೇಳಲಿಲ್ಲ. ಅಡುಗೆಮನೆಯ ಗೂಡಿನಿಂದ ಚಾಕ್‌ಪೀಸು ತೆಗೆದು ಗೆರೆ ಎಳೆದುಕೊಂಡೆ. ಇರುವೆ ಬಂದು ಅಪ್ಪನಿಗೆ ಚಾಡಿ ಹೇಳಬಾರದು ಅಂತ ತಾನೇ? ಸಾಯುವುದಕ್ಕಿಂತ ನನ್ನ ಬೈಗುಳವೇ ನಿನಗೆ ದೊಡ್ಡದಾಗುವ ಹಾಗೆ ನಿನ್ನನ್ನು ಬೆಳೆಸಿಬಿಟ್ಟೆನಲ್ಲ, ನಾನು ಎಂಥ ಅಪ್ಪ?

ಆ ಬೆಡ್‌ಶೀಟು ನೋಡಿದ ಕೂಡಲೇ ನಾನೂ ನಿಮ್ಮಮ್ಮನೂ ಸ್ಕೂಲಿಗೆ ಓಡಿ ಬಂದೆವು. ಅವಳು ನಿನ್ನ ಬೆರಳು ಚುಚ್ಚಿ ಸಕ್ಕರೆ ನೋಡಿ, ಡಾಕ್ಟರಮ್ಮನಿಗೆ ಫೋನ್ ಮಾಡಿ, ಅವರು ಹೇಳಿದಷ್ಟು ಇಂಜೆಕ್ಷನ್ ಕೊಟ್ಟು, ಇನ್ನೂ ನಿನ್ನ ಪಕ್ಕದಲ್ಲೇ ಕೂತಿದ್ದಾಳೆ. ಹೆದರುವಂಥದ್ದೇನಿಲ್ಲವಂತೆ. ನಾನು ಗೇಟಿನ ಆಚೆಯೇ ನಿಂತಿದ್ದೆ. ನನ್ನನ್ನು ನೋಡಿದರೆ ಎಲ್ಲಿ ನೀನು ಮತ್ತೆ "ಸಾರಿ ಅಪ್ಪ" ಅನ್ನುತ್ತೀಯೋ ಅಂತ ಒಳಗೆ ಬರುವ ಧೈರ್ಯ ಬರಲಿಲ್ಲ.

ಮನೆಗೆ ಬಂದು ಒದ್ದೆ ಬಟ್ಟೆಯಲ್ಲಿ ಗೆರೆ ಒರೆಸಿದೆ. ಅದು ವಿಷ ಕಣಮ್ಮ, ಇನ್ನು ಮುಟ್ಟಬೇಡ. ಉಳಿದ ಚಾಕ್‌ಪೀಸನ್ನೆಲ್ಲ ಕಸದ ಗಾಡಿಗೆ ಹಾಕಿದೆ. ಮಿಠಾಯಿ ಅಂಗಡಿಯವನ ಮನೆಯಲ್ಲಿ ಇರುವೆ ಅಂತ ಜನ ನಕ್ಕರೆ ನಗಲಿ. ಆಮೇಲೆ ಸ್ನಾನ ಮಾಡಿ, ನಿನ್ನ ಕೈಯಲ್ಲಿ ಮುಟ್ಟಿಸಿದ್ದ ಅದೇ ದೀಪ ಮುಟ್ಟಿ, ಇನ್ನು ಮುಂದೆ ಗದರುವುದಿಲ್ಲ ಅಂತ ಹೇಳಿದ್ದೇನೆ. ನೀನು ನಂಬಲೇಬೇಕು ಅಂತೇನಿಲ್ಲ. ದೀಪ ಮುಟ್ಟಿದ್ದ ನಿನ್ನನ್ನು ನಾನು ನಂಬಿದ್ದೆನೇ?

ಹಾಸಿಗೆ ಒದ್ದೆಯಾದರೆ, ಇರುವೆ ಬಂದರೆ, ಯಾವ ಹೊತ್ತಾದರೂ ಸರಿ, ನನ್ನನ್ನು ಎಬ್ಬಿಸು. ಯಾಕೆ ಅಂತ ಕೇಳುವುದಿಲ್ಲ, ಏನು ತಿಂದೆ ಅಂತ ಕೇಳುವುದಿಲ್ಲ. "ನೀರು ಬೇಕಾ ಮಗಳೇ?" ಅಂತ ಮಾತ್ರ ಕೇಳುತ್ತೇನೆ.

ಬಾಟಲಿ ತುಂಬಿಸಿ ನಿನ್ನ ದಿಂಬಿನ ಪಕ್ಕ ಇಟ್ಟಿದ್ದೇನೆ. ಅದರ ಕೆಳಗೇ ಈ ಕಾಗದ.

ನೂರು ವರ್ಷ ಬಾಳು, ನನ್ನ ತಾಯಿ.

ಬಾಗಿಲ ಆಚೆ ಕಾಯುತ್ತಾ ಕೂತಿರುವ
ನಿನ್ನ ಅಪ್ಪ