ಮೂರನೆಯ ಕಂತು

ಗೋಪಾಳ, ಶಿವಮೊಗ್ಗ
ಭಾನುವಾರ

ಹಾಲೇಶ್ ಭಾವನವರಿಗೆ ರಂಜಿನಿಯ ನಮಸ್ಕಾರ.

ನೀವು ಫೋನ್ ತೆಗೆಯುತ್ತಿಲ್ಲ, ಅದಕ್ಕೇ ಈ ಪತ್ರ. ಅಕ್ಕ ಭದ್ರಾವತಿಯಿಂದ ಹೊರಟು ಹತ್ತು ದಿನವಾಯಿತು, ತವರಿಗೆ, ಹೊಳಲೂರಿಗೆ ಹೋಗಿದ್ದಾಳೆ ಎಂದಿರಿ. ಅಮ್ಮ ಅಲ್ಲಿ ಇನ್ನೂ ದಾರಿ ಕಾಯುತ್ತಿದ್ದಾರೆ.

ನಾನೂ ಅಕ್ಕನೂ ನೋಡುತ್ತಿದ್ದ ಇಂಗ್ಲೆಂಡಿನ ಪತ್ತೇದಾರಿ ಸೀರಿಯಲ್ ನಿಮಗೆ ಗೊತ್ತಲ್ಲ, ಹೆಂಗಸು ಇನ್‌ಸ್ಪೆಕ್ಟರ್ ಇರುವುದು. "ಆ ಯಮ್ಮ ಬಂದ್ರೆ ಯಾರ ಸುಳ್ಳೂ ನಿಲ್ಲಲ್ಲ ಕಣೇ" ಅನ್ನುತ್ತಿದ್ದಳು ಅಕ್ಕ. ನಿಮ್ಮ ಟಿವಿಯಲ್ಲಿ ಓಡುವುದು ನನ್ನ ಅಕೌಂಟು. ಏನೇನು ನೋಡಿದ್ದಾರೆಂದು ನನ್ನ ಮೊಬೈಲಿನಲ್ಲಿ ಕಾಣುತ್ತದೆ. ಅಕ್ಕ ಎಂಟನೆಯ ಕಂತು ಮುಗಿಸಿದ್ದಳು. ಅವಳು ಹೋದ ಮೇಲೆ ಮೂರನೆಯದೊಂದೇ ಐದು ಸಲ ಓಡಿದೆ. ಹೆಂಡತಿ ತವರಿಗೆ ಹೋದಳೆಂದು ಗಂಡ ಊರಿಗೆಲ್ಲ ಹೇಳಿಕೊಂಡು ತಿರುಗುವ ಕಂತು ಅದು.

ಹಿತ್ತಲಿನ ಒಗೆಯುವ ಕಲ್ಲು ಕಿತ್ತು ನೀವೇ ಸಿಮೆಂಟು ಹಾಕಿದಿರಂತೆ, ಪಕ್ಕದ ಮನೆಯವರು ಹೇಳಿದರು. ವಾಷಿಂಗ್ ಮೆಷಿನ್ ತಂದಿರಾ?

ಒಂದೇ ಕೋರಿಕೆ. ಈ ಪತ್ರ ತಂದುಕೊಟ್ಟ ಮೇಡಂ ಇನ್ನೂ ಬಾಗಿಲಲ್ಲೇ ನಿಂತಿರುತ್ತಾರೆ. ಇವತ್ತು ಯೂನಿಫಾರಂ ಹಾಕಿಲ್ಲ, ಅಷ್ಟೇ. ಕಾಫಿ ಕೊಟ್ಟರೆ ಬೇಡ ಅನ್ನುತ್ತಾರೆ. ಹಿತ್ತಲ ಬಾಗಿಲು ತೆಗೆದುಕೊಡಿ.

ಅಕ್ಕನ ತಂಗಿ,
ರಂಜಿನಿ