ಉಂಡು ಬಡಿಸಿದ ಸಾರು

೯ ಫೆಬ್ರವರಿ ೨೦೦೭, ಬೆಳಿಗ್ಗೆ ೭
ಶುಗರ್ ಮಾತ್ರೆ ಒಂದು, ಬಿ.ಪಿ.ದು ಒಂದು, ಮಂಡಿಗೆ ಎಣ್ಣೆ. ಆಮೇಲೆ ಅಭ್ಯಾಸ. ಪಡಸಾಲೆ ಉದ್ದಕ್ಕೂ ಹತ್ತು ಲೋಟ ಇಟ್ಟೆ. ಬಕೆಟ್ ಹಿಡಿದು, ಬಗ್ಗಿ ಬಗ್ಗಿ ಸೌಟಲ್ಲಿ ನೀರು ಹಾಕುತ್ತಾ ಹೋದೆ. ಎರಡು ಲೋಟ ತಪ್ಪಿತು. ನಿನ್ನೆ ನಾಲ್ಕು ತಪ್ಪಿತ್ತು.
ಹೆಂಡತಿ ಅಂಬುಜಾಕ್ಷಿ ನೆಲ ಒರೆಸುತ್ತಾ, "ಎಪ್ಪತ್ತೆರಡರಲ್ಲಿ ಎಂತಕ್ಕೆ ಈ ಚಾಕರಿ? ಹುಡುಗರು ಬಡಿಸ್ತಾರೆ. ನೀವು ಕೂತು ಉಣ್ಣಿ" ಅಂದಳು.
ಕೂತು ಉಣ್ಣೋದು ಯಾರಿಗಾದ್ರೂ ಬರ್ತದೆ. ಹದಿನಾಲ್ಕಕ್ಕೆ ತಮ್ಮನ ಮಗಳು ಶರಣ್ಯಾಳ ಮದುವೆ. ಹದಿನೇಳನೇ ವರ್ಷದಿಂದ ನಮ್ಮೂರು ಬೇಗಾರಿನಲ್ಲಿ ನಮ್ಮವರ ಮದುವೆಗೆಲ್ಲ ಸಾರು ಬಡಿಸಿದವ ನಾನು. ಇದಕ್ಕೂ ನಾನೇ.

೧೪ ಫೆಬ್ರವರಿ, ಸಂಜೆ
ಮಾನ ಹೋಯಿತು.
ಬೆಳಿಗ್ಗೆ ಮಾತ್ರೆ ನುಂಗಿದ್ದೆ. ತಿಂಡಿಗೆ ಕೂರಲಿಲ್ಲ, ಕೆಲಸ ಇತ್ತು. ಬಡಿಸುವವರು ಉಣ್ಣೋದು ಕೊನೆಗೆ, ಅದು ಪದ್ಧತಿ. ಎರಡನೇ ಪಂಕ್ತಿ ಅರ್ಧದಲ್ಲಿ ಮೈಯೆಲ್ಲ ಬೆವರು, ಕಣ್ಣಿಗೆ ಕತ್ತಲೆ ಕಟ್ಟಿತು... ಸಾರೆಲ್ಲ ಬೀಗರ ಪಂಚೆ ಮೇಲೆ. ಶರಣ್ಯಾಳ ಅಣ್ಣ ವಿವೇಕ ಓಡಿ ಬಂದು ಬಾಯಿಗೆ ಬೆಲ್ಲ ಇಟ್ಟ.
"ಇನ್ನು ಸಾಕು ದೊಡ್ಡಪ್ಪ. ನಿಮ್ಮ ಕೈಲಿ ಆಗಲ್ಲ."
ಎಲ್ಲರೂ ಕೇಳಿಸಿಕೊಂಡರು.

೧೬ ಫೆಬ್ರವರಿ
ಕೊಪ್ಪಕ್ಕೆ ಹೋಗಿ ಬಂದೆ. ಮಾತ್ರೆ ನುಂಗಿ ಉಪವಾಸ ಇರೋದಾ ಅಂತ ಡಾಕ್ಟರು ಸಮಾ ಬೈದರು. "ಹಾಗಾದ್ರೆ ಉಂಡು ಬಡಿಸಬಹುದಾ?" ಅಂದೆ. ನಕ್ಕರು. ಒಂದೇ ಪಂಕ್ತಿ, ಆಮೇಲೆ ಕೂತ್ಕೊಳ್ಳಿ ಅಂದರು. ಬರುವಾಗ ಬಸ್ಸಿನಲ್ಲಿ ಅಂಬುಜಾಕ್ಷಿ ಬೇರೆ ಸೀಟಿಗೆ ಹೋಗಿ ಕೂತಳು.

೨೯ ಏಪ್ರಿಲ್, ಮಧ್ಯಾಹ್ನ ೪
ಪಕ್ಕದ ಮನೆ ವಿಘ್ನೇಶನ ಮಗನ ಉಪನಯನ. ಸೊಂಟಕ್ಕೆ ಟವೆಲ್ ಬಿಗಿದುಕೊಂಡೇ ಮೊದಲ ಪಂಕ್ತಿಗೆ ಕೂತೆ. ಜನ ನೋಡಿದರು. "ಶುಗರ್ ಇದೆ. ಉಂಡೇ ಬಡಿಸೋದು" ಅಂತ ಗಟ್ಟಿಯಾಗಿ ಹೇಳಿದೆ. ಹುಳಿ ಬಡಿಸುವ ಸುಬ್ಬಣ್ಣ ಬಕೆಟ್ ಕೆಳಗಿಟ್ಟು ಪಕ್ಕದ ಎಲೆಗೆ ಬಂದು ಕೂತ. "ನಂಗೂ ಎರಡು ವರ್ಷದಿಂದ ಇದೆ ಮಾರಾಯ. ಯಾರಿಗೂ ಹೇಳಿಲ್ಲ" ಅಂದ.
ಎರಡನೇ ಪಂಕ್ತಿ ಪೂರ್ತಿ ನಂದು. ಮಂಡಿ ನೋವು, ಇರಲಿ. ಒಂದು ಹನಿ ಎಲೆಯಿಂದಾಚೆ ಬೀಳಲಿಲ್ಲ. ಹೆಮ್ಮೆ ಆಯಿತು, ಸುಳ್ಳು ಎಂತಕ್ಕೆ ಹೇಳಲಿ. ವಿವೇಕನ ಎಲೆಗೂ ಬಡಿಸಿದೆ. ಅವ ತಲೆ ಎತ್ತಲಿಲ್ಲ.
ಅಂಬುಜಾಕ್ಷಿಗೆ ಸಾರು ಅಂದ್ರೆ ಅಷ್ಟಕ್ಕಷ್ಟೆ. ನಲವತ್ತೆಂಟು ವರ್ಷದಲ್ಲಿ ಎರಡನೇ ಸಲ ಹಾಕಿಸಿಕೊಂಡವಳಲ್ಲ. ಇವತ್ತು ಅನ್ನದಲ್ಲಿ ಗುಂಡಿ ಮಾಡಿ, ನನ್ನ ಕೈಯನ್ನೇ ನೋಡ್ತಾ, ಸಾಲಿಗೆಲ್ಲ ಕೇಳೋ ಹಾಗೆ, "ಇನ್ನೊಂದು ಸೌಟು ಬಡಿಸಿ" ಅಂದಳು. ನಾನು ಬಗ್ಗಿ, ಗುಂಡಿ ತುಂಬುವಷ್ಟು ಬಡಿಸಿದೆ.